ಹೊಸ ಹಾಸುಹೊದಿಕೆಗಳ ಮೊದಲ ಒಗೆತ: ಅಯೋಡಿನ್ ಹನಿ, ರಾಗಿ ಮೊಳಕೆ, ಅಂಟುವಾಳ

ಅಂಗಡಿಯಿಂದ ಬಂದ ಹೊಸ ಬಟ್ಟೆಯಲ್ಲಿ ಕೊಳೆ ಇರುವುದಿಲ್ಲ. ಅದರಲ್ಲಿರುವುದು ಮಗ್ಗದವರೂ ಗಿರಣಿಯವರೂ ಬೇಕೆಂದೇ ಹಚ್ಚಿದ ಪದಾರ್ಥಗಳು: ನೇಯುವಾಗ ಹಾಸಿನ ಎಳೆ (ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು) ತುಂಡಾಗದಿರಲೆಂದು ಬಳಿದ ಗಂಜಿ, ಕೈಗೆ ನುಣುಪೆನಿಸಲೆಂದು ಸೇರಿಸಿದ ಸಿಲಿಕೋನ್ ಅಥವಾ ಕೊಬ್ಬಿನ ಮೂಲದ ಮೆದುಕಾರಕ, ಕೆಲವು ಬಟ್ಟೆಗಳಲ್ಲಿ ಸುಕ್ಕು ಬೀಳದಿರಲೆಂದು ಕೊಟ್ಟ ರಾಳದ ಲೇಪ, ನೂಲನ್ನು ಹಿಡಿಯದೆ ಎಳೆಗಳ ನಡುವೆ ಉಳಿದುಹೋದ ಬಣ್ಣ. ಬೆವರು, ಎಣ್ಣೆ, ಧೂಳನ್ನು ತೆಗೆಯಲು ತಯಾರಾದ ಡಿಟರ್ಜೆಂಟ್ ಪುಡಿಯನ್ನು ಇವುಗಳ ಮೇಲೆ ಧಾರಾಳವಾಗಿ ಸುರಿಯುವುದರಿಂದ ನೊರೆ ಹೆಚ್ಚುತ್ತದೆಯೇ ಹೊರತು ಕೆಲಸ ಹೆಚ್ಚು ಸಾಗುವುದಿಲ್ಲ. ಯಾವ ಬಟ್ಟೆಯಲ್ಲಿ ಏನಿದೆ ಎಂಬುದನ್ನು ಮೊದಲು ಪರೀಕ್ಷಿಸಿ, ಅದಕ್ಕೆ ತಕ್ಕುದನ್ನಷ್ಟೇ ಬಳಸುವ ಕ್ರಮವನ್ನು ಈ ಸಲ ಮನೆಗೆ ತಂದ ಹಾಸುಹೊದಿಕೆಗಳ ಮೇಲೆ ಪಾಲಿಸಿದೆ. ತಮಿಳುನಾಡಿನ ಕರೂರಿನಲ್ಲಿ ತಯಾರಾದ ಬಿಳಿ ಬೆಡ್‌ಶೀಟ್‌ಗಳು, ಕಡುಗೆಂಪು ಬಣ್ಣದ ಒಂದು ಕೈಮಗ್ಗದ ಮೇಲುಹಾಸು, ಸ್ನಾನದ ಟವೆಲ್‌ಗಳು, ಚಿಕ್ಕಪೇಟೆಯಲ್ಲಿ ಕೊಂಡ ಪರದೆಯ ಬಟ್ಟೆ ಮತ್ತು ಪಾಲಿಯೆಸ್ಟರ್ ಮಿಶ್ರಿತ ರಜಾಯಿ ಕವರ್, ಇಷ್ಟು ಈ ಒಗೆತದಲ್ಲಿದ್ದವು.

ಬೆಂಗಳೂರಿನಲ್ಲಿ ಒಗೆತದ ಲೆಕ್ಕಾಚಾರ ನೀರಿನಿಂದಲೇ ಶುರುವಾಗಬೇಕು. ನಮ್ಮ ಮನೆಯ ನೆಲದಡಿಯ ನೀರಿನ ತೊಟ್ಟಿಗೆ (ಸಂಪ್) ಎರಡು ಬಗೆಯ ನೀರು ಬರುತ್ತದೆ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಪಂಪಿಂಗ್ ಕೇಂದ್ರಗಳನ್ನು ದಾಟಿ, ಸುಮಾರು 100 ಕಿಲೋಮೀಟರ್ ದೂರವನ್ನು ವಿದ್ಯುತ್ತಿನ ಬಲದಿಂದ ಏರಿಕೊಂಡು ಬರುವಂಥದ್ದು. ಅದರಲ್ಲಿ ಒಂದೊಂದು ಬಕೆಟ್ಟಿಗೂ ಬೆಲೆಯಿದೆ ಎಂಬುದು 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದ ಎಲ್ಲರಿಗೂ ಗೊತ್ತು. ಕಾವೇರಿ ಬಾರದ ದಿನ ಬೋರ್‌ವೆಲ್ ನೀರೇ ಗತಿ. ಅದು ಗಡಸು, ಅಂದರೆ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಹನಿ ಎಣಿಸಿ ಅಳೆಯುವ ಗಡಸುತನದ ಕಿಟ್ ನಮ್ಮ ಬೋರ್‌ವೆಲ್ ನೀರಿಗೆ ಲೀಟರಿಗೆ 400 ಮಿಲಿಗ್ರಾಂ ತೋರಿಸಿತು. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ಪ್ರಕಾರ ಗಡಸುತನ 200ರೊಳಗಿದ್ದರೆ ಒಳ್ಳೆಯದು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹಿಸಬಹುದು. ಅನೇಕ ಮನೆಗಳಲ್ಲಿರುವ ಟಿಡಿಎಸ್ ಮೀಟರ್ ಕರಗಿದ ಎಲ್ಲ ಲವಣಗಳನ್ನೂ ಒಟ್ಟಾಗಿ ತೋರಿಸುತ್ತದೆ. ಅದರಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟಿದೆ ಎಂದು ತಿಳಿಯುವುದಿಲ್ಲ. ಕಿಟ್ ಇಲ್ಲದವರು ಬಾಟಲಿಯಲ್ಲಿ ಅರ್ಧ ನೀರು ತುಂಬಿ, ಬಟ್ಟೆ ಸೋಪಿನ ಚೂರೊಂದನ್ನು ಹಾಕಿ ಕುಲುಕಿ ನೋಡಬಹುದು. ನೊರೆ ನಿಲ್ಲದೆ, ಒಡೆದ ಹಾಲಿನಂತೆ ಬಿಳಿ ತುಣುಕುಗಳು ತೇಲಿದರೆ ನೀರು ಗಡಸೆಂದೇ ಅರ್ಥ.

ಬಳಸಲು ಎಲ್ಲಕ್ಕಿಂತ ಉತ್ತಮವಾದದ್ದು ಮಳೆನೀರು. ಬೆಂಗಳೂರು ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿಯ ನಂತರ ನಗರದ ಬಹಳಷ್ಟು ಮನೆಗಳಲ್ಲಿ ಮಳೆನೀರು ಕೊಯ್ಲು ಕಡ್ಡಾಯವಾಗಿದೆ. ಆದರೆ ಆ ನೀರು ಹೆಚ್ಚಾಗಿ ಇಂಗುಗುಂಡಿಗೆ ಹೋಗುತ್ತದೆ. ಚಾವಣಿಯ ಕೊಳವೆಗೆ ಒಂದು ಡ್ರಮ್ ಜೋಡಿಸಿ, ಮಳೆಯ ಮೊದಲ ನೀರನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಹಿಡಿದಿಟ್ಟುಕೊಂಡರೆ ಗಡಸುತನ ಬಹುತೇಕ ಇಲ್ಲದ ನೀರು ಸಿಗುತ್ತದೆ. ಬಣ್ಣ ಬಿಡುವ ಬಟ್ಟೆಗೆ ಇದರ ಪ್ರಯೋಜನ ಎಷ್ಟೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲ ಪರೀಕ್ಷೆ ಗಂಜಿಯದು. ಔಷಧಿ ಅಂಗಡಿಯಲ್ಲಿ ಗಾಯಕ್ಕೆ ಹಚ್ಚಲು ಕೊಡುವ ಪೊವಿಡೋನ್ ಅಯೋಡಿನ್ ದ್ರಾವಣವನ್ನು ತಿಳಿ ಟೀ ಬಣ್ಣ ಬರುವಷ್ಟು ನೀರಿನಲ್ಲಿ ಬೆರೆಸಿ, ಬಟ್ಟೆಯ ಮಡಿಸಿ ಹೊಲಿದ ಅಂಚಿನ ಒಳಭಾಗಕ್ಕೆ ಒಂದು ಹನಿ ಬಿಟ್ಟೆ. ಕರೂರಿನ ಬೆಡ್‌ಶೀಟಿನ ಮೇಲೆ ಹನಿಯು ನಸುನೇರಳೆಯಾಗಿ ಹರಡಿತು. ಅಂದರೆ ಗಿರಣಿಯಲ್ಲಿ ಮೊದಲ ಗಂಜಿಯನ್ನು ತೆಗೆದಿದ್ದಾರೆ, ಮಡಿಕೆ ಗಟ್ಟಿಯಾಗಿ ನಿಲ್ಲಲೆಂದು ಕೊನೆಯಲ್ಲಿ ಸ್ವಲ್ಪ ಸೇರಿಸಿದ್ದಾರೆ. ಕೈಮಗ್ಗದ ಮೇಲುಹಾಸಿನ ಅಂಚಿನಲ್ಲಿದ್ದ ಬಿಳಿ ಪಟ್ಟಿಯ ಮೇಲೆ ಅದೇ ಹನಿ ಬಿದ್ದ ಕ್ಷಣದಲ್ಲೇ ಶಾಯಿಯಂತೆ ಕಡುನೀಲಿಯಾಯಿತು. ಇದು ನಿರೀಕ್ಷಿತವೇ. ಮೊದಲೇ ಬಣ್ಣ ಹಾಕಿದ ನೂಲಿನಿಂದ ನೇಯ್ದ ಕೈಮಗ್ಗದ ಬಟ್ಟೆ ಸಾಮಾನ್ಯವಾಗಿ ಮಗ್ಗದಿಂದ ಇಳಿದಂತೆಯೇ ಅಂಗಡಿ ಸೇರುತ್ತದೆ. ಹಾಸಿನ ಎಳೆಗಳಿಗೆ ಬಳಿದ ಗಂಜಿ ಪೂರ್ತಿ ಅದರಲ್ಲೇ ಇರುತ್ತದೆ. ಆ ಗಂಜಿಯನ್ನು ಹಾಗೇ ಬಿಟ್ಟು ಬೀರುವಿನಲ್ಲಿ ಮಡಿಸಿಟ್ಟರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಬೆಳ್ಳಿಹುಳು ಬರುತ್ತದೆ. ಪರೀಕ್ಷೆಯ ಕಲೆಯ ಬಗ್ಗೆ ಹೆದರಬೇಕಾಗಿಲ್ಲ. ವಿಟಮಿನ್ ಸಿ ಮಾತ್ರೆಯ ಚೂರನ್ನು ನೀರಿನಲ್ಲಿ ಕರಗಿಸಿ ಅದರ ಮೇಲೆ ತೊಟ್ಟಿಕ್ಕಿಸಿದರೆ ನೀಲಿಯೂ ಕಂದೂ ನೋಡುತ್ತಿದ್ದಂತೆ ಮಾಯವಾಗುತ್ತವೆ.

ಗಂಜಿ ತೆಗೆಯಲು ಸೋಪು ಸರಿಯಾದ ಸಾಧನವಲ್ಲ. ಎಳೆಯ ಸುತ್ತ ಒಣಗಿ ಪೊರೆಗಟ್ಟಿದ ಪಿಷ್ಟವನ್ನು ಸಣ್ಣ ಸಣ್ಣ ಸಕ್ಕರೆ ತುಣುಕುಗಳಾಗಿ ಕತ್ತರಿಸಿದರೆ ಮಾತ್ರ ಅದು ನೀರಿಗೆ ಬಿಡುತ್ತದೆ. ಆ ಕೆಲಸ ಮಾಡುವುದು ಅಮೈಲೇಸ್ ಎಂಬ ಕಿಣ್ವ. ಇಂದಿನ ಗಿರಣಿಗಳು ಸೂಕ್ಷ್ಮಾಣುಜೀವಿಗಳಿಂದ ತಯಾರಿಸಿದ ಅಮೈಲೇಸನ್ನು ಬಳಸುತ್ತವೆ. ಅದಕ್ಕೂ ಹಿಂದೆ ಮೊಳಕೆ ಬಾರ್ಲಿಯ ಸತ್ವವನ್ನೇ ಈ ಕೆಲಸಕ್ಕೆ ಬಳಸುತ್ತಿದ್ದರು. ಸಿರಿಧಾನ್ಯಗಳ ಸಾಲಿನಲ್ಲಿ ಮೊಳಕೆ ಬಂದಾಗ ಅಮೈಲೇಸ್ ಚೆನ್ನಾಗಿ ಬೆಳೆಸಿಕೊಳ್ಳುವ ಧಾನ್ಯ ನಮ್ಮ ರಾಗಿ. ಮಕ್ಕಳಿಗೆ ಮೊಳಕೆ ರಾಗಿಯ ಹಿಟ್ಟು ಬೆರೆಸಿ ಮಾಡಿದ ಅಂಬಲಿ ತೆಳುವಾಗುವುದು ಇದೇ ಕಾರಣಕ್ಕೆ. ಬಾರ್ಲಿಯಿಂದ ಆಗುವ ಕೆಲಸ ರಾಗಿಯಿಂದಲೂ ಆಗಬೇಕು ಎಂಬ ಯೋಚನೆಯಿಂದ ಈ ಒಗೆತದ ಮುಖ್ಯ ಪ್ರಯೋಗ ಹುಟ್ಟಿತು.

ವಿಧಾನ ಹೀಗಿದೆ. ರಾಗಿಯನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಬಿಳಿ ಮೊಳಕೆಗಳು ಚೆನ್ನಾಗಿ ಮೂಡುವವರೆಗೆ ಆಗಾಗ ನೀರು ಚಿಮುಕಿಸುತ್ತ ಇಡಬೇಕು. ಅನಂತರ ನೆರಳಿನಲ್ಲಿ ಒಣಗಿಸಿ ಮಿಕ್ಸಿಯಲ್ಲಿ ತರಿಯಾಗಿ ಪುಡಿಮಾಡಬೇಕು. ಇಲ್ಲಿ ಹುರಿಯುವಂತಿಲ್ಲ. ಅಂಗಡಿಯಲ್ಲಿ ಸಿಗುವ ರಾಗಿ ಮಾಲ್ಟನ್ನು ಪರಿಮಳಕ್ಕಾಗಿ ಹುರಿದಿರುತ್ತಾರೆ. ಹುರಿದಾಗ ಕಿಣ್ವ ಸಾಯುವುದರಿಂದ ಅದು ಕುಡಿಯಲು ಒಳ್ಳೆಯದೇ ಹೊರತು ಈ ಕೆಲಸಕ್ಕೆ ಬಾರದು. 50 ಗ್ರಾಂ ಪುಡಿಯನ್ನು ಒಂದು ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಅರ್ಧ ಗಂಟೆ ಬಿಟ್ಟೆ. ಹಿಟ್ಟು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ತೆಳುವಾದ ಪಂಚೆ ಬಟ್ಟೆಯಲ್ಲಿ ಎರಡು ಸಲ ಸೋಸಿಕೊಂಡೆ. ಕಿಣ್ವ ನೀರಿಗೆ ಬಂದಿರುತ್ತದೆ, ರಾಗಿಯ ಪಿಷ್ಟ ತಳದಲ್ಲೇ ಉಳಿದಿರುತ್ತದೆ. ಅದನ್ನು ಕಲಕಿ ಸುರಿದರೆ ಗಂಜಿ ತೆಗೆಯುವ ಬದಲು ಹೊಸ ಗಂಜಿ ಹಾಕಿದಂತಾಗುತ್ತದೆ.

ಬಿಸಿನೀರು ಸೋಲಾರ್‌ನಿಂದ ಬಂತು. ಈ ಕಿಣ್ವ ಚುರುಕಾಗಿ ದುಡಿಯುವುದು 55ರಿಂದ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ. 70 ದಾಟಿದರೆ ಅದು ಬೇಗನೆ ಕೆಡುತ್ತದೆ. ಬಿಸಿಲಿನ ದಿನ ಮಧ್ಯಾಹ್ನದ ಸೋಲಾರ್ ನೀರು ಅದಕ್ಕಿಂತ ಹೆಚ್ಚು ಬಿಸಿ ಇರುವುದುಂಟು. ಆದ್ದರಿಂದ ಅಡುಗೆ ಥರ್ಮಾಮೀಟರ್ ಇಟ್ಟು ನೋಡಿ, ತಣ್ಣೀರು ಬೆರೆಸಿ 60ಕ್ಕೆ ತಂದೆ. ಗಡಸು ನೀರು ಈ ಒಂದು ಹಂತದಲ್ಲಿ ಶತ್ರುವಲ್ಲ: ಆಲ್ಫಾ ಅಮೈಲೇಸಿನ ರಚನೆಗೆ ಕ್ಯಾಲ್ಸಿಯಂ ಬೇಕಾಗಿರುವುದರಿಂದ ಬೋರ್‌ವೆಲ್ ನೀರನ್ನು ಇಲ್ಲಿ ನಿಶ್ಚಿಂತೆಯಿಂದ ಬಳಸಿ, ಕಾವೇರಿ ನೀರನ್ನು ಉಳಿಸಿಕೊಳ್ಳಬಹುದು. ಆದರೆ ಈ ಕಿಣ್ವಕ್ಕೆ ಕ್ಷಾರ ಆಗದು, ತುಸು ಹುಳಿಯಾದ ನೀರು ಬೇಕು. 10 ಲೀಟರ್ ಬೋರ್‌ವೆಲ್ ನೀರಿಗೆ ಒಂದು ನಿಂಬೆಹಣ್ಣಿನ ರಸ ಹಾಕಿದೆ. ಕಾವೇರಿ ನೀರಾಗಿದ್ದರೆ ಅರ್ಧ ಹಣ್ಣು ಸಾಕಾಗುತ್ತಿತ್ತು. ಸೋಡಾ, ಸೋಪು ಏನೇ ಇದ್ದರೂ ಇದರ ನಂತರದ ಸರದಿಗೆ.

ಬಿಳಿಯವನ್ನೂ ಕೆಂಪು ಮೇಲುಹಾಸನ್ನೂ ಬೇರೆ ಬೇರೆ ಬಕೆಟ್‌ಗಳಲ್ಲಿ ಮುಳುಗಿಸಿ, ಮುಚ್ಚಳ ಹಾಕಿ, ಶಾಖ ಹೋಗದಿರಲೆಂದು ಹಳೆಯ ಕಂಬಳಿ ಸುತ್ತಿಟ್ಟೆ. ನಡುನಡುವೆ ಅಂಚನ್ನು ಹಿಂಡಿ ಅಯೋಡಿನ್ ಹನಿ ಬಿಟ್ಟು ನೋಡಿದಾಗ ಕಂಡದ್ದನ್ನು ಮಾತಿನಲ್ಲಿ ಹೇಳಿ ಮುಗಿಸುವುದು ಕಷ್ಟ, ಆದರೂ ಹೇಳಲೇಬೇಕು: ಮೊದಲು ಕಡುನೀಲಿ, ಸ್ವಲ್ಪ ಹೊತ್ತಿನ ಮೇಲೆ ನೇರಳೆ, ಆಮೇಲೆ ಬೀಟ್‌ರೂಟ್ ನೀರಿನಂಥ ಕೆಂಗಂದು, ಕೊನೆಗೆ ಅಯೋಡಿನ್ನಿನದೇ ಆದ ಹಳದಿ. ಉದ್ದನೆಯ ಪಿಷ್ಟದ ಸರಪಳಿ ತುಂಡಾಗುತ್ತ ಹೋದಂತೆ ಅಯೋಡಿನ್ ತೋರುವ ಬಣ್ಣ ಹೀಗೆ ಬದಲಾಗುತ್ತದೆ. ಬಿಳಿ ಬೆಡ್‌ಶೀಟ್ ಒಂದೇ ಗಂಟೆಯಲ್ಲಿ ಹಳದಿ ತೋರಿಸಿತು. ಮೇಲುಹಾಸಿಗೆ ಹೊಸದಾಗಿ ಸೋಸಿದ ತಿಳಿಯಲ್ಲಿ ಇನ್ನೊಂದು ಬಾರಿ ನೆನೆಸುವುದು ಬೇಕಾಯಿತು. ಹಿಂಡಿದ ನೀರು ಬೆರಳಿಗೆ ಜಾರುವಂತಿತ್ತು, ಒಣಗಿದರೆ ಅಂಟುತ್ತಿತ್ತು. ಬಟ್ಟೆಯಲ್ಲಿದ್ದ ಗಂಜಿ ಕರಗಿ ಬಂದದ್ದಕ್ಕೆ ಅದಕ್ಕಿಂತ ನೇರವಾದ ಸಾಕ್ಷಿ ಬೇಡ. ರಾಗಿಯ ಸಿಪ್ಪೆಯ ಕಂದು ಬಣ್ಣ ಬಿಳಿ ಬಟ್ಟೆಗೆ ಹತ್ತೀತೆಂಬ ಅನುಮಾನವಿದ್ದುದರಿಂದ ಮೊದಲು ಒಂದು ದಿಂಬಿನ ಕವರನ್ನು ಮಾತ್ರ ಅದ್ದಿ ನೋಡಿದ್ದೆ. ಎರಡು ನೀರಿನಲ್ಲಿ ಜಾಲಾಡಿಸಿದ ಮೇಲೆ ಬಣ್ಣವೇನೂ ಉಳಿಯಲಿಲ್ಲ.

ಒಂದು ಮಿತಿಯಿದೆ. ಕೆಲವು ಗಿರಣಿಗಳು ಪಿಷ್ಟದ ಜೊತೆಗೆ ಅಥವಾ ಅದರ ಬದಲು ಪಾಲಿವಿನೈಲ್ ಆಲ್ಕೋಹಾಲ್ ಎಂಬ ಕೃತಕ ಅಂಟನ್ನು ಬಳಸುತ್ತವೆ. ಅದರ ಮೇಲೆ ಅಮೈಲೇಸ್ ಏನೂ ಮಾಡದು. ಚೆನ್ನಾಗಿ ಬಿಸಿಯಾದ ನೀರಿನಲ್ಲಿ ನೆನೆಸಿ ಜಾಲಾಡಿಸುವುದೊಂದೇ ದಾರಿ. ಸುಕ್ಕುರಹಿತ ಎಂದು ಬರೆದಿರುವ ಬೆಡ್‌ಶೀಟ್‌ಗಳ ಮಾತೂ ಬೇರೆ. ಅವುಗಳ ರಾಳದಲ್ಲಿ ಫಾರ್ಮಾಲ್ಡಿಹೈಡ್ ಇರಬಹುದು. ಬಿಡಿಯಾಗಿ ಉಳಿದದ್ದು ಮೊದಲ ಒಗೆತದಲ್ಲಿ ನೀರಿಗೆ ಹೋಗುತ್ತದೆ, ನೂಲಿಗೆ ಬೆಸೆದುಕೊಂಡದ್ದು ಹೋಗದು. ಹಸುಗೂಸಿರುವ ಮನೆಗೆ ಅಂಥವನ್ನು ತಾರದಿರುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಟವೆಲ್‌ಗಳಲ್ಲಿ ತೊಂದರೆ ಗಂಜಿಯದಲ್ಲ, ಮೆದುಕಾರಕದ್ದು. ಹೊಸ ಟವೆಲ್ಲಿನ ಮೇಲೆ ಚಮಚದಿಂದ ಒಂದು ಹನಿ ನೀರು ಬಿಟ್ಟರೆ ಅದು ಕೆಸುವಿನ ಎಲೆಯ ಮೇಲಿನ ಹನಿಯಂತೆ ದುಂಡಗೆ ನಿಲ್ಲುತ್ತದೆ. ನೀರು ಹೀರಬೇಕಾದ ವಸ್ತು ನೀರನ್ನು ಮುಟ್ಟಗೊಡುವುದಿಲ್ಲ. ಇದಕ್ಕೆ ವಾಷಿಂಗ್ ಸೋಡಾ, ಬಿಸಿನೀರು. ಆದರೆ ಸೋಡಾದ ಒಂದು ಪಾಲು ಗಡಸುತನವನ್ನು ಇಳಿಸುವುದಕ್ಕೇ ಖರ್ಚಾಗುವುದರಿಂದ ಲೆಕ್ಕ ಹಾಕುವುದು ಒಳ್ಳೆಯದು. ಲೀಟರಿಗೆ 400 ಮಿಲಿಗ್ರಾಂ ಗಡಸುತನವಿರುವ 20 ಲೀಟರ್ ನೀರನ್ನು ಮೆದುಗೊಳಿಸಲು ನೀರಿನಂಶವಿಲ್ಲದ ಸೋಡಾ ಪುಡಿ ಸುಮಾರು 8.5 ಗ್ರಾಂ ಬೇಕು. ಗ್ರಂಥಿಗೆ ಅಂಗಡಿಯ ಹರಳು ಸೋಡಾದಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ನೀರಿನದೇ ಆಗಿರುವುದರಿಂದ ಅದಾದರೆ ಸುಮಾರು 23 ಗ್ರಾಂ. ಅದರ ಮೇಲೆ ಒಗೆತಕ್ಕೆಂದು ಒಂದು ದೊಡ್ಡ ಚಮಚ ಸೇರಿಸಿ, ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು, ಟವೆಲ್‌ಗಳನ್ನು ಬಿಸಿನೀರಿನಲ್ಲಿ ನೆನೆಸಿ ಕಿವುಚಿದೆ. ಕೊನೆಯ ಜಾಲಾಟದ ನೀರಿಗೆ ಚಿಟಿಕೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಿದರೆ ಎಳೆಗಳಲ್ಲಿ ಕೂತ ಸುಣ್ಣವೂ ಉಳಿದ ಕ್ಷಾರವೂ ಹೋಗುತ್ತವೆ. ಸೋಡಾ ಮತ್ತು ವಿನೆಗರನ್ನು ಒಟ್ಟಿಗೆ ಸುರಿಯಬೇಕೆಂಬ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಅವೆರಡೂ ಒಂದನ್ನೊಂದು ಕೊಂದುಕೊಳ್ಳುತ್ತವೆ, ಗುಳ್ಳೆ ಮಾತ್ರ ಕಾಣುತ್ತದೆ. ಬೇರೆ ಬೇರೆ ನೀರಿನಲ್ಲಿ ಬಳಸಿದರೆ ಎರಡಕ್ಕೂ ಅರ್ಥವಿದೆ. ಈ ಒಗೆತದ ಬಳಿಕ ಹನಿ ಕೆಲವು ಸೆಕೆಂಡುಗಳಲ್ಲಿ ಇಂಗುವ ಮಟ್ಟಿಗೆ ಬಂತು. ಸಿಲಿಕೋನ್ ಒಂದೇ ಸಲಕ್ಕೆ ಪೂರ್ತಿ ಹೋಗುವುದಿಲ್ಲ, ವಾರದ ಮಾಮೂಲಿ ಒಗೆತಗಳಲ್ಲಿ ನಿಧಾನವಾಗಿ ಸವೆಯುತ್ತದೆ. ಈ ಟವೆಲ್‌ಗಳಿಗೆ ಫ್ಯಾಬ್ರಿಕ್ ಕಂಡೀಷನರ್ ಮಾತ್ರ ಎಂದೂ ತಾಗಿಸಬಾರದು.

ಕಡುಗೆಂಪು ಮೇಲುಹಾಸಿನ ಬಳಿ ಹೆಚ್ಚು ಹೊತ್ತು ನಿಲ್ಲಬೇಕಾಯಿತು. ಬಿಳಿ ಕರವಸ್ತ್ರದ ತುದಿಯನ್ನು ಒದ್ದೆಮಾಡಿ ಅದರ ಮೇಲೆ ಉಜ್ಜಿದಾಗ ಗುಲಾಬಿ ಹತ್ತಿತು. ನಮ್ಮ ಅತ್ತೆ ನೋಡಿ, "ಉಪ್ಪುನೀರಲ್ಲಿ ನೆನೆಸಿಡಮ್ಮ, ಬಣ್ಣ ಗಟ್ಟಿಯಾಗಿ ಕೂರುತ್ತೆ" ಎಂದರು. ಎಷ್ಟೋ ಮನೆಗಳಲ್ಲಿ ಹೇಳುವ ಮಾತಿದು. ಇದರ ಹಿಂದೆ ಕಾರಣವಿಲ್ಲದೆಯೂ ಇಲ್ಲ. ಬಣ್ಣದ ತೊಟ್ಟಿಯಲ್ಲಿ ಉಪ್ಪು ಬಣ್ಣವನ್ನು ನೀರಿನಿಂದ ನೂಲಿನ ಕಡೆಗೆ ತಳ್ಳುತ್ತದೆ. ಅಲ್ಲಿ ಆಮೇಲೆ ಕ್ಷಾರ ಸೇರಿಸಿದಾಗಲೇ ಹತ್ತಿಗೆ ಬಳಸುವ ರಿಯಾಕ್ಟಿವ್ ಎಂಬ ಬಗೆಯ ಬಣ್ಣ ನೂಲಿನೊಂದಿಗೆ ಬೆಸೆಯುವುದು. ಆದರೆ ಬಣ್ಣದ ಒಂದು ಪಾಲು ನೂಲಿನ ಬದಲು ನೀರಿನೊಂದಿಗೇ ಬೆರೆತು ಕೆಟ್ಟಿರುತ್ತದೆ; ಅದು ಎಷ್ಟು ಉಪ್ಪು ಹಾಕಿದರೂ ಇನ್ನು ಬೆಸೆಯುವುದಿಲ್ಲ. ಉಪ್ಪುನೀರಿನಲ್ಲಿ ಅದು ಹೊರಬರದೆ ಸುಮ್ಮನಿರುತ್ತದೆ, ಬಣ್ಣ ನಿಂತಿತೆಂದು ನಾವು ತಿಳಿಯುತ್ತೇವೆ, ಮುಂದಿನ ಸಾದಾ ನೀರಿನಲ್ಲಿ ಮತ್ತೆ ಬಿಡುತ್ತದೆ. ಬೇಕಾದದ್ದು ಅದಕ್ಕೆ ಉಲ್ಟಾ: ಹೊರಬರಬೇಕಾದ ಬಣ್ಣ ಮೊದಲೇ ಬಂದುಬಿಡಬೇಕು. ವಿನೆಗರ್ ಕೂಡ ಹತ್ತಿಯ ಬಣ್ಣವನ್ನು ಹಿಡಿಸದು. ಆಮ್ಲದಲ್ಲಿ ಹಾಕುವ ರೇಷ್ಮೆ, ಉಣ್ಣೆಯ ಬಣ್ಣಗಳ ಮಾತು ಬೇರೆ. ಅತ್ತೆಯವರಿಗೆ ಎರಡು ತುಂಡು ದಾರಗಳನ್ನು ಉಪ್ಪುನೀರಿನಲ್ಲೂ ಮಳೆನೀರಿನಲ್ಲೂ ಇಟ್ಟು ತೋರಿಸಿದೆ. ಉಪ್ಪುನೀರು ತಿಳಿಯಾಗಿಯೇ ಇತ್ತು, ಮಳೆನೀರು ಗುಲಾಬಿಯಾಯಿತು. ದಾರಗಳನ್ನು ಸಾದಾ ನೀರಿಗೆ ಬದಲಾಯಿಸಿದಾಗ ಉಪ್ಪಿನದು ಬಣ್ಣ ಬಿಟ್ಟಿತು.

ಮಳೆನೀರಿನ ಡ್ರಮ್ಮನ್ನು ಇದಕ್ಕೆಂದೇ ಮೀಸಲಿಟ್ಟಿದ್ದೆ. ಗಡಸು ನೀರಿನ ಕ್ಯಾಲ್ಸಿಯಂ ಬಿಡಿ ಬಣ್ಣವನ್ನು ಗುಂಪುಗೂಡಿಸಿ ಎಳೆಗಳಲ್ಲೇ ಉಳಿಸುವುದರಿಂದ ಮೆದು ನೀರಿನಲ್ಲಿ ಬಣ್ಣ ಬೇಗ ಕಳಚುತ್ತದೆ. ಜೊತೆಗೆ ಅಂಟುವಾಳ. ಬೀಜ ತೆಗೆದ ಹನ್ನೆರಡು ಕಾಯಿಗಳ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಕಾಲು ಗಂಟೆ ಕುದಿಸಿ, ಕಿವುಚಿ ಸೋಸಿದರೆ ಕಂದು ಬಣ್ಣದ ಸಾರ ಬರುತ್ತದೆ. ಅದರಲ್ಲಿ ನೊರೆ ಬರಿಸುವ ಅಂಶವಾದ ಸಪೋನಿನ್ ಗಡಸು ನೀರಿನಲ್ಲೂ ಸೋಪಿನಂತೆ ಒಡೆಯುವುದಿಲ್ಲ. ಕಾಲರಿನ ಜಿಡ್ಡಿಗೆ ಅದರ ಬಲ ಸಾಲದೆಂಬ ದೂರು ನ್ಯಾಯವಾದದ್ದೇ. ಆದರೆ ಹೊಸ ಬಟ್ಟೆಯಲ್ಲಿ ಅಂಥ ಜಿಡ್ಡಿಲ್ಲ, ಹಾಗಾಗಿ ಇಷ್ಟು ಬಲವೇ ಹಿತ. ಬಿಳಿ ಬಟ್ಟೆಗೆ ಈ ಸಾರ ಮಾಸಲು ಛಾಯೆ ಕೊಡಬಹುದಾದ್ದರಿಂದ ಬಣ್ಣದವಕ್ಕೆ ಮಾತ್ರ ಬಳಸುತ್ತೇನೆ. ಫ್ರಿಜ್ಜಿನಲ್ಲಿಟ್ಟರೂ ಕೆಲವೇ ದಿನಗಳಲ್ಲಿ ಹುಳಿಯುತ್ತದೆ, ಬೇಕಾದಷ್ಟೇ ಮಾಡಿಕೊಳ್ಳಬೇಕು. ಗಂಜಿ ತೆಗೆದ ಗಡಸು ನೀರಿಗಿಂತ ಈ ನೀರಿನಲ್ಲಿ ಬಣ್ಣ ಬೇಗ ಬಿಡುವುದರಿಂದ ಮೇಲುಹಾಸನ್ನು ನೆನೆಯಲು ಬಿಟ್ಟು ಹೋಗದೆ, ದೊಡ್ಡ ಟಬ್ಬಿನಲ್ಲಿ ಕೈಯಾಡಿಸುತ್ತಲೇ ಒಗೆದು, ನೀರು ಕೆಂಪಾದೊಡನೆ ಬದಲಿಸಿದೆ. ಬಣ್ಣದ ನೀರಿನಲ್ಲಿ ಸುಮ್ಮನೆ ಬಿದ್ದಿದ್ದರೆ ಅಂಚಿನ ಬಿಳಿ ಪಟ್ಟಿ ಅದನ್ನೇ ಹೀರಿಕೊಳ್ಳುತ್ತಿತ್ತು. ಒಂದು ಬಕೆಟ್ ತುಂಬ ನೀರಿನಲ್ಲಿ ಒಮ್ಮೆ ಜಾಲಾಡಿಸುವುದಕ್ಕಿಂತ ಅದೇ ನೀರನ್ನು ಮೂರು ಪಾಲು ಮಾಡಿ, ಪ್ರತಿ ಸಲ ಗಟ್ಟಿಯಾಗಿ ಹಿಂಡಿ ಜಾಲಾಡಿಸಿದರೆ ಹೆಚ್ಚು ಬಣ್ಣ ಹೋಗುತ್ತದೆ. ಕೊನೆಯ ನೀರು ಗಾಜಿನ ಲೋಟದಲ್ಲಿ ಹಿಡಿದಾಗ ಬಣ್ಣವಿಲ್ಲದೆ ಕಂಡಿತು, ಕರವಸ್ತ್ರದ ಪರೀಕ್ಷೆಯಲ್ಲಿ ತೀರ ನಸು ಗುಲಾಬಿ ಮಾತ್ರ ಉಳಿಯಿತು. ಇನ್ನು ಕೆಲವು ಕಾಲ ಅದನ್ನು ಬಿಳಿಯ ಜೊತೆ ಹಾಕುವಂತಿಲ್ಲ.

ಪರದೆ ಬಟ್ಟೆಯನ್ನು ಹೊಲಿಸುವ ಮೊದಲೇ ನೆನೆಸಬೇಕು. ಟೈಲರ್ ಸ್ಪಷ್ಟವಾಗಿಯೇ ಹೇಳಿದ್ದರು: "ಮೇಡಂ, ನೆನೆಸಿ ಒಣಗಿಸಿ ತನ್ನಿ. ಆಮೇಲೆ ಉದ್ದ ಕಮ್ಮಿ ಆಯ್ತು ಅಂತ ನನ್ನ ಕೇಳಬೇಡಿ." ಬಟ್ಟೆಯ ಮೂಲೆಯಲ್ಲಿ ಬಣ್ಣದ ದಾರದಿಂದ 50 ಸೆಂಟಿಮೀಟರ್ ಚೌಕ ಹೊಲಿದು ಗುರುತು ಮಾಡಿ ಒಗೆದೆ. ಒಣಗಿದ ಮೇಲೆ ಹಾಸಿನ ದಿಕ್ಕಿನಲ್ಲಿ 47.5, ಹೊಕ್ಕಿನ (ಅಡ್ಡ ಎಳೆಯ) ದಿಕ್ಕಿನಲ್ಲಿ 49 ಉಳಿದಿತ್ತು. ಮಗ್ಗದ ಮೇಲೆ ಬಿಗಿಯಾಗಿ ಎಳೆಸಿಕೊಂಡಿದ್ದ ಹಾಸು ನೀರು ತಗುಲಿದಾಗ ಸಡಿಲಗೊಳ್ಳುವುದರಿಂದ ಉದ್ದವೇ ಹೆಚ್ಚು ಕುಗ್ಗುತ್ತದೆ. 5 ಶೇಕಡಾ ಎಂದರೆ ಏಳು ಅಡಿಯ ಪರದೆ ನಾಲ್ಕು ಅಂಗುಲದಷ್ಟು ಮೇಲೇರಿ ನಿಲ್ಲುತ್ತಿತ್ತು.

ಒಣಗಿಸುವುದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ: ಬಿಳಿಯವು ತಾರಸಿಯ ಬಿಸಿಲಿಗೆ, ಕೆಂಪು ಮೇಲುಹಾಸು ಒಳಮಗ್ಗುಲು ಹೊರಗಾಗಿ ನೆರಳಿಗೆ.

ಒಗೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಬಕೆಟ್ ಬಕೆಟ್ಟಿಗೆ ಯೋಚಿಸಬೇಕು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನು ಈ ಊರು ಕಂಡಿದೆ. ಸಂಸ್ಕರಣೆಯಾಗದ ಕೊಳಚೆಯೊಂದಿಗೆ ಬಂದ ಡಿಟರ್ಜೆಂಟಿನ ಅಂಶ ಕೆರೆಯ ತಳದ ಹೂಳಿನಲ್ಲಿ ಸೇರಿಕೊಂಡು, ಜೋರು ಮಳೆ ಬಂದು ಕದಡಿದಾಗ ನೊರೆಯಾಗಿ ಏಳುತ್ತದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ವಿವರಿಸಿದ್ದಾರೆ. ರಾಗಿಯ ನೀರು ತಣಿದ ಮೇಲೆ ಗಿಡಗಳಿಗೂ ಕಾಂಪೋಸ್ಟಿಗೂ ಹೋಯಿತು. ಅಂಟುವಾಳದ ನೀರನ್ನು ತೆಳುಮಾಡಿ ಮಣ್ಣಿಗೆ ಹಾಕಬಹುದು. ಆದರೆ ಸಪೋನಿನ್ ಮೀನಿಗೆ ವಿಷವಾದ್ದರಿಂದ ತಾವರೆ ತೊಟ್ಟಿಯಲ್ಲಿ ಗಪ್ಪಿ ಸಾಕಿರುವವರು ಒಂದು ಹನಿಯೂ ಅದಕ್ಕೆ ಬೀಳದಂತೆ ನೋಡಿಕೊಳ್ಳಬೇಕು. ನೈಸರ್ಗಿಕ ಎಂಬ ಮಾತ್ರಕ್ಕೆ ಎಲ್ಲಕ್ಕೂ ನಿರಪಾಯಕಾರಿ ಅಲ್ಲ. ಸೋಡಾದ ನೀರು ಗಿಡಕ್ಕೆ ಬೇಡವೇ ಬೇಡ, ಅದರ ಸೋಡಿಯಂ ಮಣ್ಣನ್ನು ಚೌಳಾಗಿಸುತ್ತದೆ. ಅದನ್ನು ಅಂಗಳ ತೊಳೆಯಲು ಬಳಸಿ ಚರಂಡಿಗೆ ಬಿಟ್ಟೆ. ಬಣ್ಣದ ನೀರೂ ಚರಂಡಿಗೇ.

ಉಳಿದದ್ದು ರಜಾಯಿ ಕವರ್. ಪಾಲಿಯೆಸ್ಟರ್ ಎಳೆಗಳು ಒಗೆಯುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ನಾರುಗಳನ್ನು ಉದುರಿಸುತ್ತವೆ, ಅದೂ ಮೊದಲ ಕೆಲವು ಒಗೆತಗಳಲ್ಲಿ ಅತಿ ಹೆಚ್ಚು. ಹತ್ತಿಯ ನಾರು ಮಣ್ಣಿನಲ್ಲಿ ಕೊಳೆಯುತ್ತದೆ, ಇದು ಕೊಳೆಯದು. ಆದ್ದರಿಂದ ಅದನ್ನು ಬಿಸಿನೀರಿಗೂ ಹೆಚ್ಚು ಉಜ್ಜಾಟಕ್ಕೂ ಒಡ್ಡದೆ, ತಣ್ಣೀರಿನಲ್ಲಿ ಅದ್ದಿ ತೆಗೆದು, ಆ ನೀರನ್ನು ದಟ್ಟ ನೇಯ್ಗೆಯ ಬಟ್ಟೆಯಲ್ಲಿ ಸೋಸಿದೆ. ಬಟ್ಟೆಯ ಮೇಲೆ ಬೂದುಬಣ್ಣದ ತೆಳು ಪದರವೊಂದು ನಿಂತಿತು. ಒಣಗಿದ ಮೇಲೆ ಅದನ್ನು ಕೆರೆದು ಕಾಗದದಲ್ಲಿ ಸುತ್ತಿ ಒಣಕಸಕ್ಕೆ ಹಾಕಿದೆ. ಮುಂದಿನ ರಜಾಯಿ ಕವರ್ ಪೂರ್ತಿ ಹತ್ತಿಯದೇ ಆಗಿರುತ್ತದೆ.